ತೆರೆಯ ಅಂಚಿನಿಂದ ಬರುವ ಕೈ

ದೆವ್ವದ ಸಿನಿಮಾದಲ್ಲಿ ಎಲ್ಲಕ್ಕಿಂತ ಕಡಿಮೆ ಹೆದರಿಸುವುದು ದೆವ್ವ. ಇದು ನಾನು ಬೆಳಗಾವಿಯ ಟಾಕೀಸುಗಳಲ್ಲಿ ವರ್ಷಗಟ್ಟಲೆ ಕುಳಿತು, ತಿಗಣೆ ಕಡಿಸಿಕೊಂಡು ಕಲಿತ ಪಾಠ. ಅದು ಕತ್ತಲೆಯಲ್ಲಿ ಎಲ್ಲೋ ಇದೆ ಎನ್ನುವವರೆಗೆ ಎದೆ ಡವಡವ ಎನ್ನುತ್ತದೆ. ಮುಖ ತೋರಿಸಿತೋ, ಕೆಲಸ ಕೆಟ್ಟಿತು. ಹಿಟ್ಟು ಬಳಿದ ಕೆನ್ನೆ, ಕೆಂಪು ದೀಪ ಬಿಟ್ಟ ಕಣ್ಣು, ನಾಟಕ ಕಂಪನಿಯಿಂದ ಬಾಡಿಗೆಗೆ ತಂದಂತಿರುವ ಕೂದಲು ಕಂಡ ಕೂಡಲೇ ನನಗೆ ದೆವ್ವದ ಮೇಲಲ್ಲ, ಬೆಳಗಿನಿಂದ ಅದನ್ನು ಸಿಂಗರಿಸಿದವರ ಮೇಲೆ ಕನಿಕರ ಹುಟ್ಟುತ್ತಿತ್ತು.

ಹಾಗೆಂದು ನಾನು ಹೆದರಿಲ್ಲವೆಂದಲ್ಲ. ಚೆನ್ನಾಗಿಯೇ ಹೆದರಿದ್ದೇನೆ. ಒಂದು ಹಿಂದಿ ಸಿನಿಮಾದಲ್ಲಿ ಹಳೆಯ ಹವೇಲಿಯ ಕಿಟಕಿಯಲ್ಲಿ ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಮುಖ ಕಾಣುವುದಿಲ್ಲ, ಬಾಚಣಿಕೆ ಮಾತ್ರ ಇಳಿಯುತ್ತ ಹೋಗುತ್ತದೆ, ಕೂದಲು ಮುಗಿಯುವುದೇ ಇಲ್ಲ. ಮರಾಠಿಯ ಒಂದರಲ್ಲಿ ಮುದುಕಿಯೊಬ್ಬಳು ಬಾವಿಯಿಂದ ನೀರು ಸೇದುತ್ತಾಳೆ, ಕೊಡ ಎಂದಿಗಿಂತ ಭಾರವಾಗಿದೆ, ಆದರೂ ಸೇದುತ್ತಾಳೆ. ಆಹಾ, ಎಂಥ ಜಾಗ ಅದು! ಆದರೆ ಕೊನೆಗೆ ಕೊಡದಲ್ಲಿ ಒಂದು ಬೊಂಬೆ ಬಂತು, ನನಗೆ ಸಿಟ್ಟೇ ಬಂತು. ಆ ಮುದುಕಿ ಸೇದುತ್ತಲೇ ಇರಬೇಕಾಗಿತ್ತು. ಕ್ಯಾಂಪಿನ ಕಡೆಯ ಟಾಕೀಸಿನಲ್ಲಿ ನೋಡಿದ ಇಂಗ್ಲಿಷ್ ಚಿತ್ರದ ಒಂದು ಮಾತೂ ತಿಳಿಯಲಿಲ್ಲ. ಬಾಗಿಲ ಹಿಡಿಕೆ ತಾನಾಗಿ ತಿರುಗುತ್ತಿತ್ತು, ಅಷ್ಟೆ. ಮಾತು ತಿಳಿಯದಿದ್ದರೆ ಹೆದರಿಕೆ ಇನ್ನೂ ಹೆಚ್ಚು, ಏಕೆಂದರೆ ಧೈರ್ಯ ಹೇಳುವವರು ಏನು ಹೇಳುತ್ತಿದ್ದಾರೆಂಬುದೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ತೆರೆಯ ಅಂಚು. ಎಲ್ಲ ದೆವ್ವದ ಸಿನಿಮಾದಲ್ಲೂ ಅದು ಇದ್ದೇ ಇರುತ್ತದೆ. ನಡುವೆ ಒಬ್ಬಳು ದೀಪ ಹಿಡಿದು ನಿಂತಿರುತ್ತಾಳೆ. ಪಕ್ಕದ ಕತ್ತಲೆಯಿಂದ ಒಂದು ಕೈ ಅವಳ ಹೆಗಲ ಕಡೆಗೆ ಬರುತ್ತದೆ. ನಮಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಹೇಳೋಣವೆಂದರೆ ಅವಳಿಗೆ ಕೇಳಿಸುವುದಿಲ್ಲ. ಟಾಕೀಸಿನ ತುಂಬ ಅಷ್ಟು ಜನ ಕುಳಿತು, ಅಷ್ಟೂ ಜನಕ್ಕೆ ಕಾಣುತ್ತಿದ್ದರೂ, ಅವಳೊಬ್ಬಳಿಗೆ ಕಾಣದೇ ಹೋಗುವುದು ನನಗೆ ಇವತ್ತಿಗೂ ತಡೆಯುವುದಿಲ್ಲ. ಏಕೆ ತಡೆಯುವುದಿಲ್ಲ ಎಂದು ಹೇಳಬೇಕಾದರೆ ನನ್ನ ಅಣ್ಣನ ವಿಷಯ ಹೇಳಬೇಕು. ಈ ಸಿನಿಮಾಗಳನ್ನೆಲ್ಲ ನಾನು ನೋಡಿದ್ದು ಅವನ ಜೊತೆಗೆ.

ರವಿವಾರ ಪೇಟೆಯಲ್ಲಿ ನಮ್ಮ ಅಪ್ಪನದು ರೈತರ ಬೆಲ್ಲ ಮಾರಿಸಿ ಕಮಿಷನ್ ಪಡೆಯುವ ಅಡತಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅಪ್ಪ, ಅವ್ವ, ಅಣ್ಣ, ಅವನೊಬ್ಬಳೇ ತಂಗಿ ನಾನು, ಮತ್ತು ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಆಯಿಯ ಲೆಕ್ಕದಲ್ಲಿ ದೆವ್ವ ಎಂಬುದು ಇಲ್ಲವೇ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಸತ್ತರೆ ಲಿಂಗದಲ್ಲಿ ಸೇರುತ್ತಾನೆ, ತಿರುಗಿ ಬರಲು ಅವನಿಗೇನು ಕೆಲಸ ಎಂದು ಕೇಳುತ್ತಿದ್ದಳು. ಅಜ್ಜ ತೀರಿಕೊಂಡಾಗ ನಾವಿಬ್ಬರೂ ಚಿಕ್ಕವರು. ನಮ್ಮವರ ಪದ್ಧತಿಯಂತೆ ಅಜ್ಜನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಮಣ್ಣು ಕೊಡುವಾಗಲೂ ಕೂತಂತೆಯೇ. ಆಯಿ ನಮ್ಮನ್ನು ಕರೆದು ಅಜ್ಜನ ಎದುರಿಗೇ ಕೂರಿಸಿಕೊಂಡು ತಾನೇ ಭಜನೆ ಹೇಳಿದಳು. ಹೀಗೆ, ಸತ್ತವರು ಎದ್ದು ಕೂರುವುದನ್ನು ನಮ್ಮ ಪಡಸಾಲೆಯಲ್ಲೇ ಹಗಲು ಹೊತ್ತಿನಲ್ಲಿ ನೋಡಿದ ನನಗೆ, ಸಿನಿಮಾದಲ್ಲಿ ಹೆಣ ಪೆಟ್ಟಿಗೆಯಿಂದ ಎದ್ದು ಕುಳಿತರೆ ಹೊಸದೇನೂ ಅನ್ನಿಸುತ್ತಿರಲಿಲ್ಲ.

ಇಂಥ ಮನೆಯಲ್ಲಿ ಅಣ್ಣ ದೆವ್ವಕ್ಕೆ ಅಂಜುವವನಾಗಿ ಹುಟ್ಟಿದ್ದೇ ಆಯಿಗೆ ದೊಡ್ಡ ಅವಮಾನ. ಎತ್ತರದ ಆಳು, ಅಗಲವಾದ ಎದೆ. ಐಟಿಐ ಮುಗಿಸಿ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ಬೆಳಿಗ್ಗೆ ಸೈಕಲ್ಲಿನ ಮೇಲೆ ಹೋಗಿ, ಸಂಜೆ ಹೊತ್ತು ಮುಳುಗುವುದರೊಳಗೆ ಮನೆ ಸೇರಲೇಬೇಕು. ಓವರ್‌ಟೈಮ್ ಬೇಡವೆನ್ನುತ್ತಿದ್ದ. ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಬೇಕಾದರೂ ನನ್ನನ್ನು ಕರೆಯುತ್ತಿದ್ದ. ಅಂಥವನಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಬೇರೆ ಸಿನಿಮಾಕ್ಕೆ ಕರೆದರೆ ಬರುವುದಿಲ್ಲ. ಪೇಟೆಯ ಗೋಡೆಗೆ ದೆವ್ವದ ಪೋಸ್ಟರು ಬಿದ್ದರೆ ಸಾಕು, ಮೊದಲ ವಾರದಲ್ಲೇ ನನ್ನನ್ನು ಎಬ್ಬಿಸಿಕೊಂಡು ಹೊರಡುತ್ತಿದ್ದ. ನಾನು ಆಗ ಕಾಲೇಜಿನಲ್ಲಿದ್ದೆ. ಅಣ್ಣನ ಜೊತೆ ಎಂದರೆ ಅಪ್ಪ ಇಲ್ಲವೆನ್ನುತ್ತಿರಲಿಲ್ಲ, ಆದ್ದರಿಂದ ನಾನೂ ಇಲ್ಲವೆನ್ನುತ್ತಿರಲಿಲ್ಲ.

ಅವನ ನೇಮಗಳು ನನಗೆ ಬಾಯಿಪಾಠವಾಗಿದ್ದವು. ದೀಪ ಆರುವ ಮೊದಲೇ ಒಳಗೆ ಹೋಗಿ ಕೂರಬೇಕು. ಹಿಂದಿನ ಸಾಲಿನಲ್ಲಿ, ಸರಿಯಾಗಿ ನಡುವೆ. ಇಂಟರ್‌ವಲ್ಲಿನಲ್ಲಿ ಏಳುವುದಿಲ್ಲ. ಸಿನಿಮಾ ಮುಗಿದು ದೀಪ ಹತ್ತಿ, ಜನವೆಲ್ಲ ಖಾಲಿಯಾದ ಮೇಲೆ ಏಳುವುದು. ಮನೆಗೆ ಬರುವಾಗ ನನ್ನ ಮುಂಗೈ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಬರುತ್ತಿದ್ದ. ಪೇಟೆಯ ಕಟ್ಟೆಗಳ ಮೇಲೆ ಕುಳಿತ ಹಮಾಲರು ಇದನ್ನು ನೋಡಿ ನಗುತ್ತಿದ್ದರು. ಸಾಹುಕಾರರ ಮಗ ಇವತ್ತು ಯಾವ ದೆವ್ವ ನೋಡಿ ಬಂದ ಎಂದು ಕೇಳುತ್ತಿದ್ದರು. ಅಣ್ಣನೂ ಅವರ ಜೊತೆ ನಗುತ್ತ, ಸಿನಿಮಾದ ಕಥೆ ಹೇಳುತ್ತ, ನನ್ನ ಕೈ ಮಾತ್ರ ಬಿಡುತ್ತಿರಲಿಲ್ಲ.

ಇನ್ನೊಂದು ವಿಚಿತ್ರವಿತ್ತು. ಅವನು ತಡವಾಗಿ ಚೀರುತ್ತಿದ್ದ. ಅಂಚಿನಿಂದ ಕೈ ಬಂದ ಕೂಡಲೇ ಇಡೀ ಟಾಕೀಸು ಹೋ ಎನ್ನುತ್ತದೆ. ಅಣ್ಣ ಸುಮ್ಮನೆ ಕೂತಿರುತ್ತಾನೆ. ಕೈ ಬಂದು ಆ ಹೆಣ್ಣುಮಗಳ ಕತ್ತು ಹಿಡಿದ ಮೇಲೆ, ಎಲ್ಲರೂ ಚೀರಿ ಮುಗಿಸಿ ಉಸಿರು ಬಿಡುತ್ತಿರುವಾಗ, ಇವನೊಬ್ಬ ಕುರ್ಚಿಯಿಂದ ಹಾರಿ ಬೀಳುತ್ತಿದ್ದ. ಆಗ ಜನ ಇನ್ನೊಮ್ಮೆ ನಗುತ್ತಿದ್ದರು, ಈ ಸಲ ಅವನನ್ನು ನೋಡಿ. ಅಂಜುಬುರುಕನೂ ಹೌದು, ಮಂದಬುದ್ಧಿಯೂ ಹೌದು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ದೆವ್ವ ಕೂಡ ಇವನಿಗಾಗಿ ಸ್ವಲ್ಪ ಹೊತ್ತು ಕಾಯಬೇಕಲ್ಲ ಎಂದರೆ ಅವನು ಮುಗುಳ್ನಗುತ್ತಿದ್ದ, ಅಷ್ಟೆ.

ಮನೆಯಲ್ಲಿ ಕಾಲಿಗೆ ತಂಬಿಗೆ ತಾಗಿ ಉರುಳಿದರೆ, ಹೊಸ್ತಿಲು ಎಡವಿದರೆ, ಬಾಗಿಲಿಗೆ ಹೆಗಲು ಬಡಿದರೆ, ಅವ್ವ ಎಲ್ಲಕ್ಕೂ ಸಿನಿಮಾವನ್ನೇ ಬೈಯುತ್ತಿದ್ದಳು. ಅಂಜಿಕೆ ಒಳಗೆ ಹೊಕ್ಕಿದೆ, ಅದಕ್ಕೇ ಹುಡುಗನ ಲಕ್ಷ್ಯ ಒಂದು ಕಡೆ ನಿಲ್ಲುತ್ತಿಲ್ಲ ಎನ್ನುವುದು ಅವಳ ಮಾತು. ಪಕ್ಕದ ಮುಸಲ್ಮಾನರ ಮನೆಯ ಖಾಲಾಗೂ ಹಾಗೇ ಅನ್ನಿಸಿತ್ತು. ಅವರ ಮನೆಯವರು ಎಷ್ಟೋ ತಲೆಮಾರಿನಿಂದ ಈ ಊರಿನವರು, ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಖಾಲಾ ದರ್ಗಾಕ್ಕೆ ಹೋಗಿ, ಅಂಜಿಕೆ ಹೋಗಲೆಂದು ಓದಿಸಿದ ಕಪ್ಪು ದಾರ ತಂದುಕೊಟ್ಟರು. ಅವ್ವ ಅದನ್ನು ಅಣ್ಣನ ಕೊರಳಿಗೆ ಕಟ್ಟಲು ಹೋದಾಗ ಆಯಿ ತಡೆದಳು. ಲಿಂಗವಿರುವ ಕೊರಳಲ್ಲಿ ಇನ್ನೊಂದು ದಾರವೇ? ಆದರೆ ಖಾಲಾ ಬರಿಗಾಲಲ್ಲಿ ನಡೆದು ಹೋಗಿ ತಂದ ದಾರವನ್ನು ಬೇಡವೆನ್ನುವುದೂ ಆಯಿಯಿಂದ ಆಗಲಿಲ್ಲ. ಕೊನೆಗೆ ತೋಳಿಗೆ ಕಟ್ಟಬಹುದೆಂದು ತೀರ್ಮಾನವಾಯಿತು. ತೋಳಲ್ಲಿ ಪೀರರ ದಾರ, ಎದೆಯ ಮೇಲೆ ಲಿಂಗ, ಇಷ್ಟಿದ್ದೂ ಹೆದರುವವನನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಆಯಿ ಗೊಣಗುತ್ತಿದ್ದಳು.

ಕಣ್ಣಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ, ಅದಕ್ಕೂ ಕಾರಣವಿತ್ತು. ಪ್ರತಿದಿನ ಬೆಳಿಗ್ಗೆ ಆಯಿಯ ಪಕ್ಕದಲ್ಲಿ ಕುಳಿತು ಅಣ್ಣ ಲಿಂಗಪೂಜೆ ಮಾಡುತ್ತಿದ್ದ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂರುವುದು ನಮ್ಮವರ ಪೂಜೆ. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅತ್ತಿತ್ತ ನೋಡಿಬಿಡುತ್ತಿದ್ದೆ. ಅಣ್ಣನ ನೋಟ ಕದಲುತ್ತಿರಲಿಲ್ಲ. ಅವನ ವಿಷಯದಲ್ಲಿ ಆಯಿಗೆ ಇದ್ದ ಒಂದೇ ಹೆಮ್ಮೆ ಅದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಖಾನಾಪುರದಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಅಲ್ಲಿಯ ಹೆಂಚಿನ ಕಾರ್ಖಾನೆಯೊಂದರ ಪಾಲುದಾರರು. ನಮ್ಮವರೇ, ಆದರೆ ಮನೆಯಲ್ಲಿ ಅರ್ಧ ಮಾತು ಮರಾಠಿಯಲ್ಲೇ ನಡೆಯುತ್ತಿತ್ತು. ಆಯಿಯನ್ನು ಮನೆಯಲ್ಲಿ ಬಿಟ್ಟು ನಾವು ನಾಲ್ವರೂ ಹೋದೆವು. ಹುಡುಗಿ ಕಡ್ಡಿಯಂತೆ ತೆಳ್ಳಗಿದ್ದಳು, ಮಾತು ಕಡಿಮೆ, ಆದರೆ ಎದುರಿಗಿದ್ದವರನ್ನು ನೇರವಾಗಿ ನೋಡುತ್ತಿದ್ದಳು. ಅಣ್ಣ ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಅಷ್ಟು ಖುಷಿಯಲ್ಲಿ ಅವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಹಿರಿಯರ ಮಾತೂ ಮುಗಿದು ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಮುಂದಿನ ಸೋಮವಾರ ಅವರು ನಮ್ಮ ಮನೆಗೆ ಬಂದು ಮದುವೆಯ ತಾರೀಖು ಹಿಡಿಯುವುದೆಂದಾಯಿತು.

ಮಳೆಗಾಲ ಕಳೆದಿತ್ತು, ಊರ ಹೊರಗೆ ಟೂರಿಂಗ್ ಟಾಕೀಸು ತಂಬು ಹೊಡೆದಿತ್ತು. ಅಳಿಯನಾಗುವವನಿಗೆ ದೆವ್ವದ ಸಿನಿಮಾ ಸೇರುತ್ತದೆಂದು ಹುಡುಗಿಯ ತಂದೆ ಯಾರಿಂದಲೋ ಕೇಳಿ ತಿಳಿದಿದ್ದರು. ಪುಣ್ಯಕ್ಕೆ ಅದೇ ನಡೆದಿದೆ ಎಂದು ಉತ್ಸಾಹದಿಂದ ಅಣ್ಣನನ್ನೂ ನನ್ನನ್ನೂ ಮಗಳನ್ನೂ ಅಂದು ಸಂಜೆಯೇ ಮೊದಲನೆಯ ಆಟಕ್ಕೆ ಹೊರಡಿಸಿ ತಾವೂ ಜೊತೆಗೆ ಬಂದರು. ಹೋಗುವಾಗ ಇನ್ನೂ ಬೆಳಕಿತ್ತು. ಒಳಗೆ ಹೋದ ಮೇಲೆ ನನಗೆ ಒಂದು ಸಂಗತಿ ಗೊತ್ತಾಯಿತು. ಆ ತಂಬಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಅಣ್ಣನ ಪಕ್ಕದಲ್ಲಿ ನಾನಿಲ್ಲದೆ ಅವನು ನೋಡಿದ ಮೊದಲ ದೆವ್ವದ ಸಿನಿಮಾ ಅದು.

ಸಿನಿಮಾ ಸಾಧಾರಣದ್ದು, ಜನರೇಟರಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ನಾನು ನೋಡುತ್ತಿದ್ದದ್ದು ತೆರೆಯನ್ನು, ನನ್ನ ಪಕ್ಕದ ಹುಡುಗಿ ನೋಡುತ್ತಿದ್ದದ್ದು ಹಗ್ಗದ ಆಚೆಗೆ, ಅಣ್ಣನನ್ನು. ಮದುವೆಯಾಗುವ ಹುಡುಗಿ, ನೋಡಲಿ ಬಿಡು ಎಂದುಕೊಂಡೆ. ಕೈ ಬಂತು, ತಂಬು ಚೀರಿತು. ಅಣ್ಣ ಎಂದಿನಂತೆ ಹಿಂದೆ ಉಳಿದು ಚೀರಿದ. ಗಂಡಸರ ಕಡೆ ನಗೆ ಎದ್ದಿತು. ಹುಡುಗಿ ನಗಲಿಲ್ಲ.

ಆಟ ಮುಗಿದಾಗ ಹೊರಗೆ ಪೂರ್ತಿ ಕತ್ತಲೆ. ತಂಬಿನಲ್ಲಿದ್ದ ಒಂದೆರಡು ಬಲ್ಬು ಎದುರಿನ ಬೆಂಚುಗಳಿಗೂ ಸಾಲುತ್ತಿರಲಿಲ್ಲ. ಜನ ಎಲ್ಲ ಕಡೆಯಿಂದ ನುಗ್ಗಿ ಹೊರಟರು. ಅಣ್ಣ ತಂಬಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದ. ಜನವೆಲ್ಲ ಹೋದರೂ ನಿಂತೇ ಇದ್ದ. ಹುಡುಗಿಯ ತಂದೆ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿ, ದೆವ್ವ ತಂಬಿನಲ್ಲೇ ಉಳಿಯುತ್ತದೆ, ನಮ್ಮ ಜೊತೆ ಬರುವುದಿಲ್ಲ ಎಂದು ನಗಿಸಿದರು. ಅಣ್ಣನೂ ನಕ್ಕು, ಅವರ ತೋಳು ಹಿಡಿದು ನಡೆದ. ನಾವಿಬ್ಬರು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಹುಡುಗಿ ಮೆಲ್ಲಗೆ ಮಾತಾಡಿದಳು.

“ಅಕ್ಕಾರ, ನಿಮ್ಮ ಅಣ್ಣಾರು ಅಂಜಿಲ್ಲ ರೀ. ಅಂಜಿದಾವ್ರು ಆಜೂಬಾಜೂ ನೋಡತಾರ. ಅವರು ಒಮ್ಮಿನೂ ನೋಡಲಿಲ್ಲ.”

ಅದೇನು ಮಾತೆಂದು ಕೇಳಿದೆ.

“ಅವರಿಗೆ ಕಾಣವಲ್ದು,” ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಇವತ್ತು ಗೊತ್ತಾದ ಹುಡುಗಿ, ಒಂದು ಆಟ ನೋಡಿ ನನ್ನ ಅಣ್ಣನ ಬಗ್ಗೆ ನನಗೇ ಹೇಳುತ್ತಾಳೆ. ಆದರೆ ಸಿಟ್ಟಿನ ಬೆನ್ನಿಗೇ ಕಾಲಿಗೆ ತಾಗಿ ಉರುಳಿದ ತಂಬಿಗೆ, ಬಾಗಿಲಿಗೆ ಬಡಿದ ಹೆಗಲು, ತಡವಾದ ಚೀರು, ನನ್ನ ಮುಂಗೈ ಎಲ್ಲವೂ ಸಾಲಾಗಿ ಬಂದು ನಿಂತವು. ಕೈ ಎಲ್ಲರಿಗೂ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಅಂಚು ದಾಟಿ ನಡುವಿಗೆ ಬಂದ ಮೇಲೆಯೇ ಅವನಿಗೆ ಅದು ಇರುತ್ತಿತ್ತು. ಇಷ್ಟು ವರ್ಷ ನಾನು ದೀಪ ಹಿಡಿದು ನಿಂತ ಆ ಹೆಣ್ಣುಮಗಳನ್ನು ತೆರೆಯ ಮೇಲೆ ನೋಡಿ ಕನಿಕರ ಪಡುತ್ತಿದ್ದೆ, ಅದೇ ಸ್ಥಿತಿಯವನು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. 

ಹುಡುಗಿ ತನ್ನ ಮನೆಯಲ್ಲಿ ಏನೂ ಹೇಳುವುದಿಲ್ಲವೆಂದಳು. ಹೇಳಬೇಕಾದವರು ಅಣ್ಣನವರೇ, ಸೋಮವಾರದೊಳಗೆ ಹೇಳಿದರೆ ಒಳ್ಳೆಯದು ಎಂದಳು. ಅಷ್ಟರಲ್ಲಿ ಮನೆ ಬಂತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪ ಅವ್ವ ಮುಂದೆ ಕೂತರು, ನಾವಿಬ್ಬರು ಹಿಂದೆ. ಹುಡುಗಿ ಹೇಳಿದ್ದನ್ನು ನಾನು ಇದ್ದಂತೆ ಅವನಿಗೆ ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿದ.  ಉದ್ಯಮಬಾಗದ ಹೊಗೆ ಕೊಳವೆಗಳು ಕಂಡ ಮೇಲೆ ಬಾಯಿ ಬಿಟ್ಟ.

ಕಾಲೇಜಿಗೆ ಸೇರುವ ವಯಸ್ಸಿನಿಂದಲೇ ಕತ್ತಲೆಯಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲವಂತೆ. ಆಮೇಲೆ ಹಗಲಿನಲ್ಲೂ ಪಕ್ಕಗಳು ಒಂದೊಂದಾಗಿ ಮುಚ್ಚುತ್ತ ಬಂದವು. ನಡುವಿನದು ಮಾತ್ರ ಸ್ವಚ್ಛ. ಯಾರಿಗೂ ತಿಳಿಯಬಾರದೆಂದು ದಾರಿ ಹುಡುಕುತ್ತಿದ್ದಾಗ ಒಂದು ದಿನ ದೆವ್ವದ ಸಿನಿಮಾ ನೋಡಿ ಬರುವಾಗ ನನ್ನ ಕೈ ಹಿಡಿದನಂತೆ. ಹಮಾಲರು ನಕ್ಕರು. ಬೇರೆ ಏನೂ ಕೇಳಲಿಲ್ಲ.

“ದೆವ್ವದ ಸಿನಿಮಾ ನೋಡಿ ಬಂದಾವ ತಂಗಿ ಕೈ ಹಿಡದ್ರ ಮಂದಿ ನಗತಾರ,” ಎಂದ. “ಸುಮ್ಮನ ಹಿಡದ್ರ ಕೇಳತಾರ.”

ಹಾಗಾದರೆ ಅಷ್ಟೂ ಸಿನಿಮಾ ಅದಕ್ಕಾಗಿಯೇ ನೋಡಿದೆಯಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದ. ಆಮೇಲೆ ಆಮೇಲೆ ಸೇರತೊಡಗಿದವು ಎಂದೂ ಹೇಳಿದ. ಅಂಜುಬುರುಕ ಎಂದು ಕರೆಸಿಕೊಳ್ಳಲು ನಾಚಿಕೆಯಾಗಲಿಲ್ಲವೇ ಎಂದೆ.

“ಅಂಜುಬುರುಕಗ ಹೆಣ್ಣ ಕೊಡತಾರ, ಕೆಲಸಾನೂ ಕೊಡತಾರ. ಕುರುಡಗ ಏನ್ ಕೊಡತಾರ?”

ಲೇಥಿನ ಮೇಲೆ ಹೇಗೆ ಕೆಲಸ ಮಾಡುತ್ತೀ ಎಂದು ಕೇಳಿದ್ದಕ್ಕೆ, ಟೂಲ್ ಕಬ್ಬಿಣಕ್ಕೆ ತಾಗುವ ಜಾಗ ಕನ್ನಡಿಯಂತೆ ಕಾಣುತ್ತದೆ, ಪಕ್ಕದಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ ಎಂದ. ಆಗ ಇನ್ನೊಂದು ಸಂಗತಿ ಹೊರಗೆ ಬಂತು. ಹಿಂದಿನ ತಿಂಗಳು ಅವನು ಎರಕ ಹೊಯ್ಯುವ ಶೆಡ್ಡಿನ ಮುಂದೆ ಹೋಗುತ್ತಿದ್ದಾಗ, ಇಬ್ಬರು ಕೆಲಸದವರು ಕಾದ ಕಬ್ಬಿಣದ ರಸ ತುಂಬಿದ ಬಕೆಟ್ಟನ್ನು ಕಂಬಿಗೆ ಹಾಕಿ ಹೊತ್ತು ಪಕ್ಕದಿಂದ ಬರುತ್ತಿದ್ದರು. ಎಲ್ಲರೂ ಕೂಗಿದರು. ಯಾರನ್ನು ಕೂಗುತ್ತಿದ್ದಾರೆಂದು ಇವನು ಎದುರಿಗೇ ನೋಡುತ್ತ ನಿಂತ. ಆ ಇಬ್ಬರು ತಮ್ಮ ಕಾಲ ಮೇಲೆ ಚೆಲ್ಲಿಕೊಳ್ಳುವುದೊಂದು ಬಾಕಿ. ಹೇಗೋ ಬಕೆಟ್ಟನ್ನು ನೆಲಕ್ಕೆ ಇಳಿಸಿದರು.

“ಅವತ್ತ ಖರೇ ಅಂಜಿದೆ,” ಎಂದ.

ಬಸ್ಸು ಅವನ ಕಾರ್ಖಾನೆಯ ಗೇಟಿನ ಮುಂದೆಯೇ ಹಾದು ಹೋಯಿತು. ಅವನು ಕಿಟಕಿಯ ಪಕ್ಕದಲ್ಲೇ ಇದ್ದ, ಆದರೆ ಅದನ್ನು ನೋಡಲು ಪೂರ್ತಿ ಕತ್ತು ತಿರುಗಿಸಬೇಕಾಯಿತು. ಅಷ್ಟು ದಿನ ಕಾಣದ್ದು ನನಗೆ ಅಂದು ಕಂಡಿತು, ಅಳು ಬಂತು. ಅವ್ವ ಹಿಂದೆ ತಿರುಗಿ ನೋಡಿದಳೆಂದು ಬಸ್ಸಿನ ಧೂಳಿನ ನೆಪ ಹೇಳಿದೆ.

ಅವನು ತಕ್ಷಣ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಅದು ಅವನ ಮಾತು, ಅವನೇ ಆಡಬೇಕು. ಆ ವಾರವೆಲ್ಲ ಮನೆಯಲ್ಲಿ ಸೀರೆಯ ಮಾತು, ಅಡುಗೆಯವರ ಮಾತು. ಅವನು ಊಟಕ್ಕೆ ಕೂತಾಗ ಹುಡುಗಿಯ ಹೆಸರು ಬಂದರೆ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಸುಮ್ಮನಿದ್ದರೆ ಮದುವೆ ಆಗಿಬಿಡುತ್ತಿತ್ತು, ಆ ಹುಡುಗಿ ಬಾಯಿ ಬಿಡುವವಳಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹಾಗೆ ಆಗಲಿ ಎಂದು ಒಂದು ಮನಸ್ಸು ನನಗೂ ಹೇಳುತ್ತಿತ್ತು.

ಸೋಮವಾರ ಬೆಳಿಗ್ಗೆ ಆಯಿಯೂ ಅಣ್ಣನೂ ಪೂಜೆಗೆ ಕುಳಿತಿದ್ದರು. ಎಣ್ಣೆಯ ದೀಪ ಹಚ್ಚಿತ್ತು. ಅಪ್ಪ ಬೀಗರು ಬರುವ ಬಸ್ಸಿನ ಲೆಕ್ಕ ಹಾಕುತ್ತ ಬಾಗಿಲಲ್ಲಿ ನಿಂತಿದ್ದರು. ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಅಣ್ಣ, ತನಗೆ ಕಣ್ಣು ಕಾಣುವುದು ಕಡಿಮೆಯಾಗಿದೆ, ಇನ್ನೂ ಕಡಿಮೆಯಾಗುತ್ತದೆ, ಖಾನಾಪುರದವರಿಗೆ ಇದನ್ನು ಹೇಳದೆ ತಾರೀಖು ಹಿಡಿಯಬಾರದು ಎಂದ. ಅಪ್ಪನಿಗೆ ಏನೂ ತಿಳಿಯಲಿಲ್ಲ. ಆಯಿಗೆ ಸಿಟ್ಟು ಬಂತು. ಮದುವೆಗೆ ಹೆದರಿ ನೆವ ಹೂಡುತ್ತಿದ್ದಾನೆ, ಇವನ ಕಣ್ಣು ನನಗೆ ಗೊತ್ತಿಲ್ಲವೇ, ದಿನಾ ನನ್ನ ಪಕ್ಕದಲ್ಲಿ ಕುಳಿತು ರೆಪ್ಪೆ ಬಡಿಯದೆ ಲಿಂಗ ನೋಡುವವನಿಗೆ ಕಣ್ಣು ಕಾಣುವುದಿಲ್ಲವೆಂದರೆ ಯಾರು ನಂಬಬೇಕು ಎಂದಳು. ಈಗಲೂ ಅದನ್ನೇ ನೋಡುತ್ತಿದ್ದಾನಲ್ಲ, ಕಾಣುವುದಿಲ್ಲವೇನು ಎಂದು ಕೇಳಿದಳು.

ಅಣ್ಣ ನೋಟ ಎತ್ತಲಿಲ್ಲ.

“ಲಿಂಗ ಕಾಣತೈತಿ, ಆಯಿ,” ಎಂದ. “ಅಂಗೈ ಕಾಣೂದಿಲ್ಲ.”

ಆಯಿ ಅವನ ಮುಖ ನೋಡಿದಳು, ಅಂಗೈ ನೋಡಿದಳು. ತನ್ನ ಕೈ ತಂದು ಅವನ ಅಂಗೈಯ ಅಂಚಿಗೆ ಇಟ್ಟಳು. ಅವನು ಅತ್ತ ನೋಡಲಿಲ್ಲ. ಇನ್ನಷ್ಟು ಒಳಗೆ ತಂದಳು. ಲಿಂಗದ ಹತ್ತಿರಕ್ಕೆ ಅವಳ ಬೆರಳು ಬಂದ ಮೇಲೆ ಅವನ ರೆಪ್ಪೆ ಅಲುಗಿತು. ಅಜ್ಜನ ಹೆಣದ ಎದುರು ನಮ್ಮನ್ನು ಕೂರಿಸಿ ಗಟ್ಟಿ ದನಿಯಲ್ಲಿ ಭಜನೆ ಹೇಳಿದ ನನ್ನ ಆಯಿ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಹಳ ಹೊತ್ತು ಅವಳು ಆ ಬೆರಳನ್ನು ಹಿಂದೆ ತೆಗೆಯಲಿಲ್ಲ. ಆಮೇಲೆ ಅವನ ತೋಳಿನ ಕಪ್ಪು ದಾರ ಬಿಚ್ಚಿ, ತಾನೇ ಎದ್ದು ಪಕ್ಕದ ಮನೆಗೆ ಹೋಗಿ, ಇದು ಅಂಜಿಕೆಯದಲ್ಲವಂತೆ ಎಂದು ಖಾಲಾನ ಕೈಯಲ್ಲಿ ಕೊಟ್ಟಳು. ಇಬ್ಬರು ಮುದುಕಿಯರೂ ಗೋಡೆಯ ಆಚೆ ಅತ್ತದ್ದು ನಮಗೆ ಕೇಳಿಸಿತು.

ಬೀಗರು ಬಂದರು, ಅಪ್ಪ ಎಲ್ಲ ಹೇಳಿದರು. ಅವರು ಮರ್ಯಾದಸ್ಥರು, ಚಹಾ ಕುಡಿದು, ಮೊದಲು ಡಾಕ್ಟರಿಗೆ ತೋರಿಸಿರಿ, ಆಮೇಲೆ ನೋಡೋಣ ಎಂದು ಹೋದರು. ಊರಿನ ಡಾಕ್ಟರು ಮಿರಜಿಗೆ ಕಳಿಸಿದರು. ಅಲ್ಲಿಯ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಇದು ಹುಟ್ಟಿನಿಂದಲೇ ಬಂದದ್ದು, ಔಷಧವಿಲ್ಲ, ನಡುವಿನ ನೋಟ ಎಷ್ಟು ದಿನ ಉಳಿದೀತೆಂದು ಹೇಳಲಾಗುವುದಿಲ್ಲ ಎಂದರು. ಖಾನಾಪುರಕ್ಕೆ ಅದನ್ನೂ ಹೇಳಿ ಕಳಿಸಿದೆವು. ಅಲ್ಲಿಂದ ಉತ್ತರ ಬರಲಿಲ್ಲ, ಬರದಿರುವುದೇ ಉತ್ತರವೆಂದು ತಿಳಿದುಕೊಂಡೆವು. ಅಣ್ಣ ಕಾರ್ಖಾನೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಫೋನಿನ ಮುಂದೆ ಕೂರತೊಡಗಿದ. ಹಮಾಲರು ನಗುವುದನ್ನು ನಿಲ್ಲಿಸಿದರು. ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತೆಂದು ಕಾಣುತ್ತದೆ.

ಕೆಲವು ವರ್ಷಗಳ ಮೇಲೆ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಿದ್ದಳು. ಕಂಕುಳಲ್ಲಿ ಮಗುವಿತ್ತು. ನನ್ನನ್ನು ಗುರುತಿಸಿ ತಾನೇ ಹತ್ತಿರ ಬಂದಳು. ಅಣ್ಣನವರು ಈಗಲೂ ಸಿನಿಮಾಕ್ಕೆ ಹೋಗುತ್ತಾರೆಯೇ ಎಂದು ಕೇಳಿದಳು. ಹೋಗುತ್ತಾರೆ ಎಂದೆ. ಒಳ್ಳೆಯದಾಯಿತು ಎಂದು ಹೇಳಿ, ತನ್ನ ಬಸ್ಸು ಬಂದ ಕಾರಣ ಹೊರಟುಹೋದಳು.

ನಾನು ಹೇಳಿದ್ದು ಸುಳ್ಳಲ್ಲ. ನನ್ನನ್ನು ಬೆಳಗಾವಿಯಲ್ಲೇ ಕೊಟ್ಟಿದ್ದರು. ಎಂಬತ್ತರ ದಶಕದ ತುಂಬ, ದೆವ್ವದ ಸಿನಿಮಾಗಳು ಒಂದರ ಬೆನ್ನಿಗೆ ಒಂದು ಬಂದವು, ಮೊದಲಿಗಿಂತ ಹೆಚ್ಚು ರಕ್ತ, ಕಡಿಮೆ ಬುದ್ಧಿ. ನಾವಿಬ್ಬರೂ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದೆವು. ಈಗ ಮುಚ್ಚಿಡುವುದೇನೂ ಇರಲಿಲ್ಲ, ಆದ್ದರಿಂದ ನಾನು ಅವನ ಕಿವಿಯಲ್ಲಿ ಅಂಚುಗಳನ್ನು ಹೇಳುತ್ತಿದ್ದೆ. ಎಡಕ್ಕೆ ಬಾಗಿಲು ತೆರೆಯುತ್ತಿದೆ, ಬಲಕ್ಕೆ ಪರದೆ ಅಲುಗಿತು, ಕೈ ಬರುತ್ತಿದೆ ನೋಡು, ಹೀಗೆ. ನಡುವಿನದನ್ನು ಅವನೇ ನೋಡಿಕೊಳ್ಳುತ್ತಿದ್ದ. ನಾನು ಎಷ್ಟು ಚುರುಕಾಗಿ ಹೇಳುತ್ತಿದ್ದೆನೆಂದರೆ ಕೆಲವು ಸಲ ಅವನು ಎಲ್ಲರಿಗಿಂತ ಮೊದಲೇ ಚೀರಿಬಿಡುತ್ತಿದ್ದ. ಮುಂದಿನ ಸಾಲಿನವರು ತಿರುಗಿ ನೋಡಿದರೆ ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅಂಥ ಸುಖ ನನಗೆ ಬೇರೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ.

ಆಯಿ ತೀರಿಕೊಂಡ ವರ್ಷ ಅದು. ಶ್ರಾವಣ ಮುಗಿದ ಮೇಲೆ ಹೊಸ ಚಿತ್ರವೊಂದು ಬಂದಿತ್ತು, ಅಣ್ಣನೇ ಹೋಗೋಣವೆಂದ. ಎಂದಿನಂತೆ ಹಿಂದಿನ ಸಾಲು, ನಡುವಿನ ಕುರ್ಚಿ. ಹಳೆಯ ಮನೆ, ಮೆಟ್ಟಿಲು, ಬಿಳಿ ಸೀರೆಯವಳೊಬ್ಬಳು ದೀಪ ಹಿಡಿದು ಇಳಿದು ಬಂದು ತೆರೆಯ ಸರಿಯಾಗಿ ಮಧ್ಯೆ ನಿಂತಳು. ಬಲ ಅಂಚಿನಲ್ಲಿ ನೆರಳು ಕದಲಿತು. ನಾನು ಅವನ ಕಡೆ ಬಾಗಿ, ಬಲಗಡೆ ಯಾರೋ ಇದ್ದಾರೆ ಎಂದೆ. ಅವನು ಅಲುಗಲಿಲ್ಲ. ಕೈ ಬಂತು ಎಂದೆ. ಜನ ಚೀರಿದರು, ಅವನು ಮೊದಲೂ ಚೀರಲಿಲ್ಲ, ತಡವಾಗಿಯೂ ಚೀರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ಮುಂಗೈ ಹಿಡಿದ.

“ತಂಗಿ, ನಡುವಿಂದೂ ಹೇಳು,” ಎಂದ.

ಅಂದು ಬೆಳಿಗ್ಗೆ ತವರಿಗೆ ಬಂದಾಗ ಅವನು ಪೂಜೆಗೆ ಕೂತಿದ್ದನ್ನು ನಾನು ನೋಡಿದ್ದೆ. ಲಿಂಗವಿಟ್ಟ ಅಂಗೈ ಹಾಗೇ ಚಾಚಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ.

ನಾನು ಅವನ ಕಿವಿಯ ಹತ್ತಿರ ಬಾಗಿದೆ. ನಡುವೆ ಒಬ್ಬಳು ನಿಂತಿದ್ದಾಳೆ ಎಂದೆ. ಕೈಯಲ್ಲಿ ದೀಪವಿದೆ ಎಂದೆ.